ಅಂಟು ಹಚ್ಚುವ ಮುಂಚೆ: ಟ್ಯಾಂಕ್ ಕಿಟ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: 1/35 ಅಳತೆಯ ಟಿ-55 ಟ್ಯಾಂಕಿನ ಪ್ಲಾಸ್ಟಿಕ್ ಮಾದರಿ ಜೋಡಿಸುವ ಕಿಟ್ ತರಿಸಿದ್ದೇನೆ. ಪೆಟ್ಟಿಗೆಯ ಮೇಲೆ 800ಕ್ಕೂ ಹೆಚ್ಚು ಬಿಡಿಭಾಗ ಎಂದು ಬರೆದಿದೆ. ವಾಪಸ್ ಕಳಿಸಲು ಏಳು ದಿನ ಅವಕಾಶವಿದೆ. ಜೋಡಿಸದೆಯೇ ಇದು ಒಳ್ಳೆಯ ಕಿಟ್ಟೋ ಅಲ್ಲವೋ ಎಂದು ತಿಳಿಯುವುದು ಹೇಗೆ?
ಓದುಗರು, ಕಾಜುಬಾಗ, ಕಾರವಾರ

ಉತ್ತರ: ಏಳು ದಿನ ಬೇಡ, ಒಂದು ಸಂಜೆ ಸಾಕು. ಮೊದಲು ಆ 800ರ ಲೆಕ್ಕ ಮರೆತುಬಿಡಿ. ಟಿ-55ರ ಚೈನಿಗೆ ಒಂದು ಬದಿಗೆ 90 ಕೊಂಡಿ. ಬಿಡಿಬಿಡಿ ಕೊಂಡಿ ಕೊಟ್ಟಿದ್ದರೆ ಎರಡೂ ಬದಿಗೆ 180 ಆಯಿತು. 800ರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಅಲ್ಲೇ ಮುಗಿಯಿತು. ಬಿಡಿಭಾಗ ಹೆಚ್ಚಿದ್ದರೆ ಕೆಲಸ ಹೆಚ್ಚು ಅಷ್ಟೇ, ಕಿಟ್ ಚೆನ್ನಾಗಿದೆ ಎಂದಲ್ಲ.

ಒಂದು ವರ್ನಿಯರ್ ಕ್ಯಾಲಿಪರ್, ಟಾರ್ಚ್, ಸಮತಟ್ಟಾದ ಗಾಜಿನ ತುಂಡು, ಮಾಸ್ಕಿಂಗ್ ಟೇಪ್ ಇಟ್ಟುಕೊಳ್ಳಿ. ನಿಪ್ಪರ್ ಮುಟ್ಟಬೇಡಿ. ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ (ಸ್ಪ್ರೂ) ಒಂದು ಭಾಗ ಕತ್ತರಿಸಿದರೂ ವಾಪಸ್ ಕಳಿಸುವ ದಾರಿ ಮುಚ್ಚಿತು. ಸೂಚನಾ ಪುಸ್ತಕದಲ್ಲಿ ಸ್ಪ್ರೂಗಳ ನಕ್ಷೆ ಇರುತ್ತದೆ. ಅದರ ಪ್ರಕಾರ ಎಲ್ಲವೂ ಬಂದಿದೆಯೇ, ಯಾವುದಾದರೂ ಭಾಗ ಮುರಿದಿದೆಯೇ, ಕೈಹಿಡಿ, ಕೊಕ್ಕೆಗಳಂಥ ಸಣ್ಣ ಭಾಗಗಳ ತುದಿಗೆ ಪ್ಲಾಸ್ಟಿಕ್ ಪೂರ್ತಿ ತುಂಬದೆ ಮೊಂಡಾಗಿದೆಯೇ ನೋಡಿ.

ಇನ್ನು ಅಳತೆ. ನಿಜವಾದ ಟ್ಯಾಂಕಿನ ಬಾಡಿ 6.2 ಮೀಟರ್ ಉದ್ದ, ಅಗಲ 3.27 ಮೀಟರ್, ಬ್ಯಾರಲ್ ಮುಂದಕ್ಕಿದ್ದಾಗ ಒಟ್ಟು 9 ಮೀಟರ್. 35ರಿಂದ ಭಾಗಿಸಿದರೆ ಬಾಡಿ 177 ಮಿ.ಮೀ., ಅಗಲ 93 ಮಿ.ಮೀ., ಒಟ್ಟು 257 ಮಿ.ಮೀ. ಬರಬೇಕು. ಚಕ್ರದ ವ್ಯಾಸ 810 ಮಿ.ಮೀ., ಅಂದರೆ ಕಿಟ್ಟಿನಲ್ಲಿ 23.1. ಚೈನಿನ ಅಗಲ 580, ಕಿಟ್ಟಿನಲ್ಲಿ 16.6. ಬ್ಯಾರಲ್ ತೂತು 100 ಮಿ.ಮೀ., ಕಿಟ್ಟಿನಲ್ಲಿ ಮೂರಕ್ಕೂ ತುಸು ಕಡಿಮೆ, 2.86. ಬಾಡಿಯ ಉದ್ದದಲ್ಲಿ ಒಂದು ಮಿ.ಮೀ. ವ್ಯತ್ಯಾಸವಿದ್ದರೆ ಯಾರ ಕಣ್ಣಿಗೂ ಬೀಳದು. ಚಕ್ರದಲ್ಲಿ ಅದೇ ಒಂದು ಮಿ.ಮೀ. ತಪ್ಪಿದರೆ ಇಡೀ ಟ್ಯಾಂಕ್ ಆಟಿಕೆಯಂತೆ ಕಾಣುತ್ತದೆ, ಯಾಕೆಂದರೆ ಅದೇ ತಪ್ಪು ಹತ್ತು ಚಕ್ರದಲ್ಲೂ ಇರುತ್ತದೆ.

ಅಳತೆ ಸರಿ ಬಂದರೂ ಪೆಟ್ಟಿಗೆಯಲ್ಲಿರುವುದು ಟಿ-55 ಹೌದೇ ಎಂದು ನೋಡಲೇಬೇಕು. ಹಳೆಯ ಟಿ-54ರ ಅಚ್ಚಿಗೆ ನಾಲ್ಕು ಹೊಸ ಭಾಗ ಸೇರಿಸಿ ಹೆಸರು ಬದಲಿಸಿ ಮಾರುವುದು ಈ ಧಂದೆಯಲ್ಲಿ ಹೊಸದೇನಲ್ಲ. ಟಿ-54ರ ಟರೆಟ್ (ತೋಪು ಹೊತ್ತು ತಿರುಗುವ ಗೋಪುರ) ಮೇಲೆ, ಗುಂಡು ತುಂಬುವ ಲೋಡರ್‌ನ ಮುಚ್ಚಳದ ಮುಂದೆ, ಅಣಬೆಯಂತೆ ಉಬ್ಬಿದ ಗಾಳಿಗೂಡು ಇತ್ತು. ಟಿ-55ರಲ್ಲಿ ಅದನ್ನು ತೆಗೆದರು. ಟರೆಟ್ ಮಗುಚಿಟ್ಟ ಬಾಣಲೆಯ ಹಾಗಿರಬೇಕು. ಅದರ ಕೆಳಗಿನ ಅಂಚು ಒಳಕ್ಕೆ ಮಡಚಿಕೊಂಡಿದ್ದರೆ ಅದು ಟಿ-54ರ ಶುರುವಿನ ಮಾದರಿ. ಮೇಲ್ಭಾಗದಲ್ಲಿ ಎರಡು ಅರ್ಧಚಂದ್ರದ ತಗಡು ಬೆಸೆದ ಗೆರೆ ನಡುವೆ ಇರಬೇಕು. ಟರೆಟ್ ಎರಕ ಹೊಯ್ದದ್ದು, ಹಾಗಾಗಿ ಉಗುರಿನಿಂದ ಸವರಿದರೆ ತುಸು ತರಿತರಿ ಹತ್ತಬೇಕು. ಗಾಜಿನಂತೆ ನುಣ್ಣಗಿದ್ದರೆ ತೆಳು ಅಂಟು ಸವರಿ, ಗಡಸು ಬ್ರಷ್ಷಿನಿಂದ ಕುಟ್ಟಿ ಸರಿಮಾಡಿಕೊಳ್ಳಬಹುದು. ಅದೊಂದಕ್ಕೇ ವಾಪಸ್ ಕಳಿಸಬೇಕಿಲ್ಲ. ಬದಿಯಿಂದ ನೋಡಿದಾಗ ಐದು ಚಕ್ರಗಳಲ್ಲಿ ಒಂದನೆಯದಕ್ಕೂ ಎರಡನೆಯದಕ್ಕೂ ನಡುವೆ ಎದ್ದು ಕಾಣುವ ಅಂತರ ಇರಬೇಕು. ಆ ಅಂತರ ಹಿಂದಿನ ಚಕ್ರಗಳ ನಡುವೆ ಬಂದಿದ್ದರೆ ಅದು ಟಿ-62ರ ಬಾಡಿ.

ಅಚ್ಚಿನ ಗುಣ ಟಾರ್ಚನ್ನು ಅಡ್ಡಡ್ಡ ಹಿಡಿದಾಗ ಗೊತ್ತಾಗುತ್ತದೆ. ದಪ್ಪ ಭಾಗ ನಿಧಾನ ತಣಿಯುವುದರಿಂದ ಒಳಕ್ಕೆ ಕುಸಿದು ತಗ್ಗು ಬೀಳುತ್ತದೆ. ಅಚ್ಚಿನಿಂದ ಭಾಗವನ್ನು ಹೊರಗೆ ತಳ್ಳುವ ಪಿನ್ನುಗಳು ದುಂಡನೆ ಗುರುತು ಬಿಡುತ್ತವೆ. ಅಚ್ಚು ಸವೆದಿದ್ದರೆ ಅಂಚಿನಲ್ಲಿ ತೆಳ್ಳಗೆ ಹೆಚ್ಚುವರಿ ಪ್ಲಾಸ್ಟಿಕ್ (ಫ್ಲ್ಯಾಶ್) ಹೊರಬಂದಿರುತ್ತದೆ. ಇವೆಲ್ಲ ಬ್ಲೇಡು, ಪುಟ್ಟಿ, 400 ಮತ್ತು 800ರ ಸ್ಯಾಂಡ್ ಪೇಪರಿನ ಕೆಲಸ. ಪಿನ್ ಗುರುತು ಎಲ್ಲಿದೆ ಎಂಬುದಷ್ಟೇ ಮುಖ್ಯ: ಬಾಡಿಯೊಳಗಿದ್ದರೆ ಬಿಟ್ಟುಬಿಡಿ, ತೆರೆದಿಡುವ ಮುಚ್ಚಳದ ಒಳಮೈಯಲ್ಲಿದ್ದರೆ ತುಂಬಿ. ಆದರೆ ಅಚ್ಚಿನ ಎರಡು ಹೋಳು ಒಂದಕ್ಕೊಂದು ಸರಿದು, ದುಂಡಗಿನ ಭಾಗದಲ್ಲಿ ಮೆಟ್ಟಿಲು ಮೂಡಿದ್ದರೆ ಹುಷಾರು. ಅದನ್ನು ಉಜ್ಜಿದರೆ ದುಂಡಗಿದ್ದದ್ದು ಮೊಟ್ಟೆಯಾಗುತ್ತದೆ. ಬ್ಯಾರಲ್ಲಿನಲ್ಲೂ ಚಕ್ರದ ರಬ್ಬರ್ ಅಂಚಿನಲ್ಲೂ ಇದನ್ನೇ ಮೊದಲು ಹುಡುಕಿ.

ಕೆಳಬಾಡಿ ಒಂದೇ ತುಂಡಾಗಿ ಬಂದಿದ್ದರೆ ಗಾಜಿನ ಮೇಲಿಟ್ಟು ನಾಲ್ಕೂ ಮೂಲೆ ಒಂದೊಂದಾಗಿ ಒತ್ತಿ. ತುಸು ಅಲುಗಿದರೆ ಕೈ ತಾಳುವಷ್ಟು ಬಿಸಿನೀರಲ್ಲಿ ಒಂದೆರಡು ನಿಮಿಷ ಅದ್ದಿ, ಎದುರು ದಿಕ್ಕಿಗೆ ಮೆಲ್ಲಗೆ ತಿರುಚಿ ಹಿಡಿದು ತಣ್ಣೀರಿಗೆ ಹಾಕಿದರೆ ಸರಿಹೋಗುತ್ತದೆ. ಕುದಿನೀರು ಬೇಡವೇ ಬೇಡ. ಎರಡು ಮಿ.ಮೀ.ಗಿಂತ ಹೆಚ್ಚು ಎದ್ದಿದ್ದರೆ ವಾಪಸ್. ಮೇಲ್ಬಾಡಿ ಸ್ಪ್ರೂನಿಂದ ಬಿಡಿಯಾಗಿ ಬಂದಿದ್ದರೆ ಎರಡನ್ನೂ ಟೇಪ್ ಹಚ್ಚಿ ಕೂರಿಸಿ ನೋಡಿ. ಸಂದಿನಲ್ಲಿ ಪತ್ರಿಕೆಯ ಹಾಳೆ ಸಲೀಸಾಗಿ ಹೊಕ್ಕರೆ ಪುಟ್ಟಿ ಬೇಕಾಗುತ್ತದೆ. ಹೊಕ್ಕದಿದ್ದರೆ ತೆಳು ಅಂಟೇ ಸಾಕು.

ಕೊನೆಗೆ ಚೈನು. ಟಿ-55ರಲ್ಲಿ ಚೈನನ್ನು ಮೇಲೆ ಹೊರುವ ಸಣ್ಣ ರೋಲರುಗಳಿಲ್ಲ. ಅದು ಚಕ್ರಗಳ ನೆತ್ತಿಯ ಮೇಲೆಯೇ ಜೋತು ಮಲಗುತ್ತದೆ. ಒಂದೇ ಪಟ್ಟಿಯ ರಬ್ಬರಿನಂಥ ಚೈನು ಕೊಟ್ಟಿದ್ದರೆ ಬೆಲ್ಟಿನಂತೆ ಬಿಗಿದು ನಿಲ್ಲುತ್ತದೆ, ಅದನ್ನು ಜೋತು ಬೀಳಿಸಲು ಮೇಲಿಂದ ಅಂಟಿಸಬೇಕು. ಬಿಡಿ ಕೊಂಡಿ ಚೆಂದ, ಆದರೆ ಒಂದೊಂದನ್ನು ಸ್ಪ್ರೂಗೆ ಹಿಡಿದಿಡುವ ಗೇಟ್ ನಾಲ್ಕಿದ್ದರೆ 720 ಸಲ ಕತ್ತರಿಸಿ ಉಜ್ಜಬೇಕು. ಆ ತಾಳ್ಮೆ ನಿಮಗಿದೆಯೇ ಎಂಬುದೂ ಕಿಟ್ ಅಳೆಯುವ ಒಂದು ಅಳತೆ.

ಪ್ರಶ್ನೆ: ಎಂಟನೇ ತರಗತಿಯ ಮಗ ಒಳಾಂಗಣವೆಲ್ಲ ಇರುವ ಟ್ಯಾಂಕ್ ಕಿಟ್ಟೇ ಬೇಕೆಂದು ಹಟ ಹಿಡಿದಿದ್ದಾನೆ. ಸಾವಿರಕ್ಕೂ ಹೆಚ್ಚು ಬಿಡಿಭಾಗವಂತೆ. ಇದು ಅವನ ಮೊದಲ ಕಿಟ್. ಕೊಡಿಸಬಹುದೇ?
ಓದುಗರು, ಶಿರಸಿ

ಉತ್ತರ: ಬೇಡ. ಮಾಣಿಯ ಉತ್ಸಾಹ ಇಂಜಿನ್ನಿಗೆ ಬರುವ ಹೊತ್ತಿಗೆ ಆರಿಹೋಗುತ್ತದೆ. ಇಂಥ ಕಿಟ್ಟುಗಳಲ್ಲಿ ಬಾಡಿ ಒಂದೇ ತೊಟ್ಟಿಯಾಗಿ ಬರುವುದು ಕಡಿಮೆ. ತಳ, ಬದಿ, ಮುಂಭಾಗ ಎಂದು ಹಲಗೆ ಹಲಗೆಯಾಗಿ ಬರುತ್ತದೆ. ಒಂದೊಂದು ಜೋಡಣೆಯಲ್ಲಿ 0.2 ಮಿ.ಮೀ. ತಪ್ಪಿದರೂ ಐದನೆಯದರ ಹೊತ್ತಿಗೆ ಒಂದು ಮಿ.ಮೀ. ಆಗಿ, ಮೇಲ್ಭಾಗ ಕೂರುವುದೇ ಇಲ್ಲ. ಅಷ್ಟು ಮಾಡಿಯೂ ಟರೆಟ್ ಮುಚ್ಚಿದರೆ ಒಳಗಿನ ಮುಕ್ಕಾಲು ಪಾಲು ಕಾಣುವುದಿಲ್ಲ. 150ರಿಂದ 250 ಬಿಡಿಭಾಗದ, ಕೆಳಬಾಡಿ ಒಂದೇ ತುಂಡಾಗಿರುವ 1/35ರ ಕಿಟ್ ಕೊಡಿಸಿ. ತಮಿಯಾ ಕಂಪನಿಯವು ಈ ವಿಷಯದಲ್ಲಿ ನಂಬಿಕಸ್ಥ, ಕೂರಿಸಿದರೆ ಕೂರುತ್ತವೆ. ಜೊತೆಗೆ ಒಂದು ಒಳ್ಳೆಯ ನಿಪ್ಪರ್, ತೆಳು ಅಂಟಿನ ಬಾಟಲಿ, ಸ್ಯಾಂಡ್ ಪೇಪರ್ ಸಾಕು. ಅಂಟಿನ ಕೆಲಸ ಕಿಟಕಿ ತೆರೆದೇ ಆಗಲಿ, ಮಳೆ ಬರಲಿ ಬಿಡಲಿ.

ಪ್ರಶ್ನೆ: ಅಟ್ಟದ ಮೇಲೆ ಇಪ್ಪತ್ತು ವರ್ಷದಿಂದ ಬಿಚ್ಚದೆ ಇದ್ದ ಟ್ಯಾಂಕ್ ಕಿಟ್ ಸಿಕ್ಕಿದೆ. ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತುಗಳ ಹಾಳೆ) ಹಳದಿಯಾಗಿದೆ, ಚೈನು ಅಂಟಂಟಾಗಿದೆ. ಇದರಿಂದ ಏನಾದರೂ ಮಾಡಬಹುದೇ?
ಓದುಗರು, ಕುಮಟಾ

ಉತ್ತರ: ಪ್ಲಾಸ್ಟಿಕ್ಕಿಗೆ ವಯಸ್ಸಾಗಿರುವುದಿಲ್ಲ, ಉಳಿದದ್ದಕ್ಕೆ ಆಗಿರುತ್ತದೆ. ಮೊದಲು ಚೈನನ್ನು ಹೊರಗೆ ತೆಗೆಯಿರಿ. ಮೆತ್ತನೆಯ ವಿನೈಲ್ ಚೈನಿನಿಂದ ಎಣ್ಣೆಯಂಥ ದ್ರವ ಒಸರಿ, ತಾಗಿದ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಚೈನು ಒತ್ತಿಕೊಂಡಿದ್ದ ಕಡೆ ಚಕ್ರದಲ್ಲೋ ಬಾಡಿಯಲ್ಲೋ ಹಲ್ಲಿನ ಗುರುತಿನಂತೆ ತಗ್ಗು ಬಿದ್ದಿದೆಯೇ ನೋಡಿ. ಬಾಡಿಯಾದರೆ ತುಂಬಿ ಉಜ್ಜಬಹುದು, ಚಕ್ರವಾದರೆ ಬೇರೆ ಚಕ್ರವೇ ಬೇಕು. ಉಳಿದದ್ದನ್ನೆಲ್ಲ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಉಗುರುಬೆಚ್ಚನೆಯ ನೀರಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ. ಬೂಷ್ಟೂ ಹೋಗುತ್ತದೆ, ಅಚ್ಚಿನ ಎಣ್ಣೆಯೂ ಹೋಗುತ್ತದೆ.

ಡೆಕಾಲಿನಲ್ಲಿ ಹಳದಿಯಾಗುವುದು ಅದರ ಪಾರದರ್ಶಕ ಪದರ. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಚಿತ್ರದ ಮುಖ ಹೊರಗಾಗುವಂತೆ ಕಿಟಕಿಯ ಗಾಜಿಗೆ ಅಂಟಿಸಿದರೆ ಒಂದೆರಡು ವಾರದ ಬಿಸಿಲಿಗೆ ಹಳದಿ ಇಳಿಯುತ್ತದೆ. ಕುಮಟೆಯಲ್ಲಿ ಜುಲೈ ತಿಂಗಳಲ್ಲಿ ಈ ಉಪಾಯ ನಡೆಯದು, ದೀಪಾವಳಿ ಕಳೆಯಲಿ. ಆಮೇಲೆ ಬೇಡದ ಒಂದು ಗುರುತನ್ನು ಕತ್ತರಿಸಿ ಅರ್ಧ ನಿಮಿಷ ನೀರಲ್ಲಿಟ್ಟು ಜಾರಿಸಿ. ಚೂರುಚೂರಾದರೆ ಉಳಿದ ಹಾಳೆಗೆಲ್ಲ ತೆಳುವಾಗಿ ಕ್ಲಿಯರ್ ಲ್ಯಾಕರ್ ಹೊಡೆದು ಒಂದು ದಿನ ಒಣಗಿಸಿ. ಆಗ ಇಡೀ ಹಾಳೆ ಒಂದೇ ಪದರವಾಗುವುದರಿಂದ ಪ್ರತಿ ಗುರುತನ್ನೂ ಅದರ ಅಂಚಿಗೇ ಕತ್ತರಿಸಬೇಕು.

ಪ್ರಶ್ನೆ: ಸ್ಪ್ರೇ ಬಣ್ಣ ಹೊಡೆದ ಹತ್ತು ನಿಮಿಷಕ್ಕೆ ಟ್ಯಾಂಕಿನ ಮೇಲೆ ಬೂದಿ ಬಳಿದಂತೆ ಬಿಳಿಚಿತು. ಡಬ್ಬಿಯೇ ಹಾಳೇ?
ಓದುಗರು, ಭಟ್ಕಳ

ಉತ್ತರ: ಡಬ್ಬಿಯದಲ್ಲ, ಗಾಳಿಯದು. ಲ್ಯಾಕರ್ ಬಣ್ಣದ ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಮಳೆಗಾಲದ ಗಾಳಿಯ ತೇವ ಅದರ ಮೇಲೆ ಇಬ್ಬನಿಯಂತೆ ಕೂತು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಮಳೆ ಬಿಟ್ಟ ದಿನ ನಿಧಾನ ಆರುವ ರಿಟಾರ್ಡರ್ ಥಿನ್ನರನ್ನು ಏರ್‌ಬ್ರಷ್ಷಿನಲ್ಲಿ ತೆಳುವಾಗಿ ಹೊಡೆದರೆ ಬಹುಪಾಲು ಮಾಯವಾಗುತ್ತದೆ. ಕಂಪ್ರೆಸರ್ ಇದ್ದರೆ ನೀರು ಹಿಡಿಯುವ ಬಟ್ಟಲನ್ನು ಕರಾವಳಿಯ ಮಳೆಯಲ್ಲಿ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಖಾಲಿ ಮಾಡಿ. ಇನ್ನೊಂದು ಮಾತು, ಕೇಳದಿದ್ದರೂ: ಸೂಪರ್ ಗ್ಲೂ ಗಟ್ಟಿಯಾಗುವುದೇ ತೇವದಿಂದ. ತೆರೆದಿಟ್ಟ ಬಾಟಲಿ ಇಲ್ಲಿ ಬೇಗ ಕಲ್ಲಾಗುತ್ತದೆ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಪ್ರಶ್ನೆ: ಚೆಂಡಿಯಾದ, ಪರಮವೀರ ಚಕ್ರ ಪಡೆದ ರಾಮಾ ರಾಘೋಬಾ ರಾಣೆಯವರು ಟ್ಯಾಂಕಿನಡಿ ತೆವಳಿದ ದೃಶ್ಯವನ್ನು 1/35ರಲ್ಲಿ ಮಾಡಬೇಕೆಂದಿದ್ದೇವೆ. ಸ್ಟುವರ್ಟ್ ಟ್ಯಾಂಕಿನ ಎಂ3 ಮತ್ತು ಎಂ5ಎ1 ಎರಡೂ ಕಿಟ್ ಸಿಗುತ್ತಿವೆ. ಹೇಗೆ ಆರಿಸುವುದು?
ಓದುಗರು, ಅಂಕೋಲಾ

ಉತ್ತರ: ಎದುರಿಗಿಟ್ಟುಕೊಂಡು ಮಾಡುವ ಛಾಯಾಚಿತ್ರದಲ್ಲಿ ಟ್ಯಾಂಕಿನ ಮೂತಿ ನೋಡಿ. ಎಂ3ರ ಮುಂಭಾಗ ಮೆಟ್ಟಿಲಿನಂತೆ, ಚಾಲಕನ ಮುಂದೆ ನೆಟ್ಟಗೆ ನಿಂತ ತಗಡು. ಎಂ5ಎ1ರಲ್ಲಿ ಒಂದೇ ಇಳಿಜಾರು ತಗಡು, ಹಿಂಭಾಗದ ಇಂಜಿನ್ ಮೇಲ್ಭಾಗ ಎತ್ತರಿಸಿದ್ದು. ಎಂ3ರ ವಿಮಾನದ ಇಂಜಿನ್ನಿನ ಬದಲು ಎರಡು ಕ್ಯಾಡಿಲಾಕ್ ಇಂಜಿನ್ ಕೂರಿಸಿದ್ದರ ಫಲ ಅದು. ಟರೆಟ್ಟಿನ ಹಿಂದೆ ರೇಡಿಯೋಗೆಂದು ಚಾಚಿದ ಭಾಗ ಎಂ5ಎ1ರಲ್ಲಿದೆ, ಮೊದಲ ಎಂ3ರಲ್ಲಿಲ್ಲ. ಎರಡಕ್ಕೂ 37 ಮಿ.ಮೀ. ತೋಪು, ಅಂದರೆ ಕಿಟ್ಟಿನ ಬ್ಯಾರಲ್ ತೂತು ಒಂದು ಮಿ.ಮೀ. ಚಿಲ್ಲರೆ.

ಸ್ಟುವರ್ಟ್ ಕಿಟ್ಟುಗಳು ಹೆಚ್ಚಾಗಿ ಕೈಕೊಡುವುದು ಚಕ್ರಗಳಲ್ಲಿ. ಒಂದು ಬದಿಗೆ ಎರಡು ಜೋಡಿ ಚಕ್ರ, ಹಿಂದೆ ನೆಲಕ್ಕೆ ತಾಗುವ ಒಂದು ದೊಡ್ಡ ಚಕ್ರ. ಅಂಟು ಆರುವ ಮೊದಲು ಬಾಡಿಯನ್ನು ಗಾಜಿನ ಮೇಲಿಟ್ಟು ಹತ್ತೂ ಚಕ್ರ ತಾಗುವಂತೆ ಹೊಂದಿಸಿ, ಮೇಲೆ ಒಂದು ಸಣ್ಣ ತೂಕವಿಟ್ಟು ರಾತ್ರಿಯಿಡೀ ಬಿಡಿ. ಹಿಂದಿನ ದೊಡ್ಡ ಚಕ್ರ ನೆಲ ಬಿಟ್ಟು ಮೇಲೆ ನಿಂತರೆ ಟ್ಯಾಂಕ್ ತೇಲಿದಂತೆ ಕಾಣುತ್ತದೆ. ಚೈನಿನ ವಿಷಯದಲ್ಲಿ ಇಲ್ಲಿ ಕಾರವಾರದವರಿಗೆ ಹೇಳಿದ್ದು ಅನ್ವಯಿಸುವುದಿಲ್ಲ. ಸ್ಟುವರ್ಟಿಗೆ ಮೇಲೆ ಮೂರು ರೋಲರುಗಳಿವೆ, ಚೈನು ಬಿಗಿಯಾಗಿಯೇ ಓಡುತ್ತದೆ. ಒಂದೇ ಪಟ್ಟಿಯ ಚೈನು ಇದ್ದರೂ ನಡೆಯುತ್ತದೆ.

ನೌಶೇರಾದಿಂದ ರಜೌರಿಯ ದಾರಿಯಲ್ಲಿ, 1948ರ ಏಪ್ರಿಲ್‌ನಲ್ಲಿ, ನೆಲಬಾಂಬುಗಳ ನಡುವೆ ರಾಣೆಯವರು ಟ್ಯಾಂಕಿನ ಎರಡು ಚೈನುಗಳ ನಡುವೆ ಅದರ ಜೊತೆಗೇ ತೆವಳುತ್ತ, ಹಗ್ಗ ಎಳೆದು ಚಾಲಕನಿಗೆ ಸನ್ನೆ ಕೊಟ್ಟರು. ನಿಮ್ಮ ಕೆಲಸದ ಕಷ್ಟವೆಲ್ಲ ಆ ಜಾಗದ್ದೇ. ಸ್ಟುವರ್ಟಿನ ತಳಕ್ಕೂ ನೆಲಕ್ಕೂ ಒಂದೂವರೆ ಅಡಿಯಷ್ಟೂ ಅಂತರವಿಲ್ಲ, 1/35ರಲ್ಲಿ 13 ಮಿ.ಮೀ.ಗೂ ಕಡಿಮೆ. ಪೆಟ್ಟಿಗೆಯಲ್ಲಿ ಬರುವ ಅಂಬೆಗಾಲಿನ ಸೈನಿಕ ಅಲ್ಲಿ ಹಿಡಿಯುವುದಿಲ್ಲ. ಮಕಾಡೆ ಮಲಗಿ ಗುರಿಯಿಡುವ ಬೊಂಬೆ ಕೊಂಡು, ಮೊಣಕೈಯನ್ನು ಕತ್ತರಿಸಿ ತಗ್ಗಿಸಿ, ನೆಲದಿಂದ ತಲೆಯವರೆಗೆ 10 ಮಿ.ಮೀ. ದಾಟದಂತೆ ಮಾಡಿ. ನೆಲ ಮೊದಲು, ಬೊಂಬೆ ಆಮೇಲೆ, ಟ್ಯಾಂಕ್ ಕೊನೆಗೆ. ಟ್ಯಾಂಕ್ ಅಂಟಿಸಿದ ಮೇಲೆ ಒಳಗೆ ಕುಂಚ ಹೋಗದು. ಅವರ ಪ್ರತಿಮೆ ಕಾರವಾರದ ಟಾಗೋರ್ ಕಡಲತೀರದಲ್ಲಿ, ಚಾಪೆಲ್ ಯುದ್ಧನೌಕೆಯ ಸಂಗ್ರಹಾಲಯದ ಬಳಿ ಇದೆ, ಮುಖಚಹರೆಗೆ ಒಮ್ಮೆ ನೋಡಿ ಬನ್ನಿ. ಹಗ್ಗಕ್ಕೆ ಹೊಲಿಗೆ ದಾರ ಬೇಡ, ಅದರ ನವಿರು ಎದ್ದು ಕಾಣುತ್ತದೆ. ತೆಳು ತಾಮ್ರದ ತಂತಿಯ ಎರಡು ಎಳೆ ಹೊಸೆದರೆ 0.3 ಮಿ.ಮೀ.ಗೆ ಬರುತ್ತದೆ, ಹೇಗೆ ಬಗ್ಗಿಸಿದರೆ ಹಾಗೆ ನಿಲ್ಲುತ್ತದೆ.