ಕೊರಿಯಾದ ಹೀರೋ ಬೇಕು, ಮಣಿಪುರದ ಗೆಳತಿ ಬೇಡ್ವಾ?

(ಓದುಗರ ಪ್ರಶ್ನೆಗಳಿಗೆ ಈ ತಿಂಗಳು ಉತ್ತರಿಸಿದವಳು ಇಪ್ಪತ್ನಾಲ್ಕರ ಹುಡುಗಿ. ಊರು ಶಹಾಬಾದ. ಕಲಬುರಗಿಯ ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆ ವಿಡಿಯೊ, ಆಲ್ಬಮ್ ಎಡಿಟ್ ಮಾಡುವ ಕೆಲಸ. ಸಿನಿಮಾ, ಕ್ರಿಕೆಟ್, ರೀಲ್ಸ್ ಮತ್ತು ನಮ್ಮ ನಡುವಿನ ಬಣ್ಣದ ಮಾತಿನ ಬಗ್ಗೆ ಬಂದ ಪತ್ರಗಳಿವು.)

ಅಕ್ಕಾ, ನಾನು ಯಾದಗಿರಿ ಜಿಲ್ಲೆಯವಳು. ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದು ಎಂ.ಎಸ್ಸಿ. ಓದುತ್ತಿದ್ದೇನೆ. ನಮ್ಮ ರೂಮಿನಲ್ಲಿ ಎಲ್ಲರಿಗೂ ಕೊರಿಯನ್ ಸೀರಿಯಲ್ ಹುಚ್ಚು. ಗೋಡೆ ತುಂಬ ಕೊರಿಯಾದ ಹಾಡಿನ ತಂಡ ಬಿಟಿಎಸ್‌ನ ಹುಡುಗರ ಫೋಟೋ. ಅದೇ ರೂಮಿನಲ್ಲಿ ಮಣಿಪುರದ ಹುಡುಗಿಯೊಬ್ಬಳಿದ್ದಾಳೆ. ಅವಳನ್ನು ‘ಚೀನಾ’, ‘ಮೊಮೊ’ ಅಂತ ಕರೆಯುತ್ತಾರೆ. ಊಟಕ್ಕೆ ಕೂತಾಗ ‘ನಿಂಗೆ ನಾಯಿ ಬೇಕಿತ್ತಲ್ವಾ’ ಅಂತಾರೆ. ಅವಳು ನಗುತ್ತಾಳೆ. ನಾನು ಬೇಡ ಅಂದರೆ, ‘ಅವಳೇ ನಗ್ತಾಳೆ, ನಿಂಗೇನು?’ ಅಂತಾರೆ. ನಾನೇ ಅತಿ ಮಾಡ್ತಿದ್ದೀನಾ?

ಇಲ್ಲ ತಂಗಿ, ಅತಿ ಮಾಡುತ್ತಿಲ್ಲ. ನಿನ್ನ ಪತ್ರ ಓದಿ ನನಗೂ ಸಿಟ್ಟು ಬಂತು.

ಮೊದಲು ‘ಅವಳೇ ನಗ್ತಾಳೆ’ ಅನ್ನುವ ಮಾತು ನೋಡೋಣ. ಡ್ಯಾರೆನ್ ಸ್ಯಾಮಿ ಗೊತ್ತಲ್ವಾ? 2012 ಮತ್ತು 2016ರಲ್ಲಿ ವೆಸ್ಟ್ ಇಂಡೀಸ್‌ಗೆ ಟಿ-20 ವಿಶ್ವಕಪ್ ಗೆದ್ದುಕೊಟ್ಟ ನಾಯಕ. ಐಪಿಎಲ್ ಆಡುವಾಗ ತಂಡದವರೇ ತನ್ನನ್ನು ಬಣ್ಣ ಹಿಡಿದು ಕರೆಯುತ್ತಿದ್ದರು ಅಂತ ಅವರು 2020ರಲ್ಲಿ ಹೇಳಿಕೊಂಡರು. ಹಾಗೆ ಕರೆದಾಗ ಸುತ್ತ ಇದ್ದವರು ನಗುತ್ತಿದ್ದರಂತೆ. ಎಲ್ಲರೂ ನಗ್ತಾರೆ ಅಂದಮೇಲೆ ಏನೋ ತಮಾಷೆ ಇರಬೇಕು ಅಂದುಕೊಂಡಿದ್ದರಂತೆ. ಅಷ್ಟು ದೊಡ್ಡ ಆಟಗಾರನ ಕಥೆಯೇ ಹೀಗೆ. ನಿಮ್ಮ ರೂಮಿನ ಹುಡುಗಿ ಮನೆಯಿಂದ ಎರಡು ಮೂರು ದಿನದ ದಾರಿ ದೂರ ಬಂದವಳು. ಸುತ್ತ ಇರುವವರ ಭಾಷೆ ಬರುವುದಿಲ್ಲ. ರಾತ್ರಿ ಮಲಗುವುದು ಅವರ ನಡುವೆಯೇ. ಅವಳು ನಗದೆ ಇನ್ನೇನು ಮಾಡಬೇಕು?

ಇನ್ನು ಗೋಡೆಯ ಮೇಲಿನ ಹುಡುಗರ ವಿಷಯ. ಇದನ್ನು ನಿನ್ನ ಗೆಳತಿಯರಿಗೆ ಓದಿ ಹೇಳು. 2021ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಏಷ್ಯಾದವರ ಮೇಲೆ ದಾಳಿಗಳು ಜಾಸ್ತಿಯಾಗಿದ್ದಾಗ ಬಿಟಿಎಸ್ ಒಂದು ಹೇಳಿಕೆ ಕೊಟ್ಟಿತು. ಕಾರಣವಿಲ್ಲದೆ ನಮಗೂ ಬೈದಿದ್ದಾರೆ, ನಮ್ಮ ಮುಖ ನೋಡಿ ಗೇಲಿ ಮಾಡಿದ್ದಾರೆ ಅಂತ ಅದರಲ್ಲಿ ಬರೆದಿದ್ದರು. ಮರುವರ್ಷ ಇದೇ ವಿಷಯ ಮಾತಾಡಲು ಅಮೆರಿಕದ ಅಧ್ಯಕ್ಷರ ಶ್ವೇತಭವನಕ್ಕೂ ಹೋಗಿದ್ದರು. ಅದಕ್ಕೂ ಮೊದಲು, 2020ರಲ್ಲಿ, ಕಪ್ಪು ಜನರ ಹೋರಾಟಕ್ಕೆ ಹತ್ತು ಲಕ್ಷ ಡಾಲರ್ ಕೊಟ್ಟರು. ಅವರ ಅಭಿಮಾನಿಗಳು ಸೇರಿ ಒಂದೇ ದಿನದ ಆಸುಪಾಸಿನಲ್ಲಿ ಇನ್ನೂ ಅಷ್ಟೇ ದುಡ್ಡು ಕೂಡಿಸಿದರು. ಅಭಿಮಾನ ಅಂದರೆ ನನಗೆ ಅದು. ಆ ಹುಡುಗರಿಗೆ ಯಾರೋ ಅಂದ ಮಾತನ್ನೇ ಅವರ ಫೋಟೋ ಕೆಳಗೆ ಕೂತು ಇನ್ನೊಬ್ಬಳಿಗೆ ಅನ್ನುವುದನ್ನು ಅಭಿಮಾನ ಅನ್ನಲು ನನ್ನಿಂದ ಆಗುವುದಿಲ್ಲ.

ಇನ್ನೊಂದು ವಿಷಯ ಕೇಳು. 2000ದಲ್ಲಿ ಅಲ್ಲಿನ ಒಂದು ಬಂಡುಕೋರ ಸಂಘಟನೆ ಮಣಿಪುರದಲ್ಲಿ ಹಿಂದಿ ಸಿನಿಮಾ ತೋರಿಸಬಾರದು ಅಂತ ನಿಷೇಧ ಹಾಕಿತು. ಆ ಖಾಲಿ ಜಾಗಕ್ಕೆ ಕೊರಿಯಾದ ಸೀರಿಯಲ್, ಸಿನಿಮಾ ಬಂದವು. ನಾವಿಲ್ಲಿ ಹೆಸರೂ ಕೇಳಿರದ ಕಾಲದಲ್ಲಿ ಇಂಫಾಲದ ಹುಡುಗರು ಕೊರಿಯನ್ ಹೀರೋಗಳ ಥರ ಕೂದಲು ಬಿಡುತ್ತಿದ್ದರು. ಅಂದರೆ ನಿಮ್ಮ ರೂಮಿನಲ್ಲಿ ಈ ವಿಷಯ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವವಳು ಅವಳೇ ಇರಬಹುದು. ಯಾರಾದರೂ ಕೇಳಿದ್ದಾರಾ?

ಯಾಕೆ ಹೀಗಾಗುತ್ತದೆ ಅಂತ ನಾನು ಜಾಸ್ತಿ ಯೋಚಿಸಿದ್ದೇನೆ. ಪರದೆ ಮೇಲೆ ಯಾರನ್ನು ಎಲ್ಲಿ ನಿಲ್ಲಿಸುತ್ತಾರೋ ನಮ್ಮ ಕಣ್ಣು ಅವರನ್ನು ಅಲ್ಲೇ ಹುಡುಕುತ್ತದೆ. ಕೊರಿಯಾದವನನ್ನು ಹೀರೋ ಜಾಗದಲ್ಲಿ ನೋಡಿದ್ದೇವೆ. ಮಣಿಪುರದವರನ್ನು ಎಲ್ಲಿ ನೋಡಿದ್ದೇವೆ? ಹೋಟೆಲಿನ ಮಾಣಿ, ಕಾವಲುಗಾರ, ಪಾರ್ಲರ್ ಹುಡುಗಿ. ಮಣಿಪುರದ ಬಾಕ್ಸರ್ ಮೇರಿ ಕೋಮ್ ಬಗ್ಗೆ 2014ರಲ್ಲಿ ಸಿನಿಮಾ ಬಂದಾಗಲೂ ಆ ಪಾತ್ರ ಮಾಡಿದವರು ಪ್ರಿಯಾಂಕಾ ಚೋಪ್ರಾ. ಮಣಿಪುರದ ಮುಖಕ್ಕೆ ತನ್ನದೇ ಊರಿನ ಕಥೆಯಲ್ಲೂ ಮುಖ್ಯ ಪಾತ್ರ ಸಿಗಲಿಲ್ಲ.

ಇದು ನಮಗೆ ಬೇಗ ಅರ್ಥ ಆಗಬೇಕಿತ್ತು ತಂಗಿ. ನಮ್ಮ ಕಡೆಯವರನ್ನು ಕನ್ನಡ ಸಿನಿಮಾದಲ್ಲಿ ಹೇಗೆ ತೋರಿಸುತ್ತಾರೆ ನೋಡು. ಕಲಬುರಗಿ ಮಾತಾಡುವವನು ಬಂದರೆ ಒಂದೋ ಕಾಮಿಡಿ, ಇಲ್ಲ ಕೂಲಿ. ಮೈಬಣ್ಣ ಕಪ್ಪು, ಮಾತು ಜೋರು. ನನ್ನ ಅಣ್ಣ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ ಅವನು ‘ಹೌದ್ರೀ’ ಅಂದರೆ ಸಾಕು, ಪಕ್ಕದವರು ಸಿನಿಮಾ ಡೈಲಾಗ್ ಹೊಡೆಯುತ್ತಿದ್ದರಂತೆ. ಅವನು ಫೋನಿನಲ್ಲಿ ನಮ್ಮ ಅವ್ವನ ಹತ್ತಿರ ಮಾತಾಡುವಾಗ ದನಿ ತಗ್ಗಿಸಲು ಶುರು ಮಾಡಿದ. ಆ ನೋವು ಗೊತ್ತಿರುವವರು ನಾವು. ಆದರೂ ನಮ್ಮ ಹಾಸ್ಟೆಲಿನಲ್ಲಿ ಇದು ನಡೆಯುತ್ತದೆ. ನನಗೆ ತುಂಬ ಬೇಜಾರಾಗುವುದು ಇದಕ್ಕೇ.

ಮಾತಿಗೆ ಇಷ್ಟು ದೊಡ್ಡದು ಮಾಡಬೇಕಾ ಅಂತ ಕೇಳುವವರಿಗೆ ನಿಡೊ ತಾನಿಯಾ ಹೆಸರು ಹೇಳು. ಅರುಣಾಚಲದ ಹುಡುಗ. 2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದ ಅಂಗಡಿಯೊಂದರಲ್ಲಿ ಅವನ ಕೂದಲು ನೋಡಿ ನಕ್ಕರು. ಜಗಳವಾಯಿತು. ಹೊಡೆದರು. ಹುಡುಗ ಸತ್ತುಹೋದ. ಅದಕ್ಕೂ ಮೊದಲು, 2012ರ ಆಗಸ್ಟ್‌ನಲ್ಲಿ, ಬರೀ ಗಾಳಿಮಾತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. ಈ ಊರಿನವರು ನಮ್ಮ ಪರ ನಿಲ್ಲುತ್ತಾರೆ ಅನ್ನುವ ಧೈರ್ಯ ಇದ್ದಿದ್ದರೆ ಅಷ್ಟು ಜನ ಹೋಗುತ್ತಿದ್ದರಾ?

ಈಗ ಏನು ಮಾಡಬೇಕು. ಮೊದಲು ಅವಳನ್ನು ಒಬ್ಬಳನ್ನೇ ಕರೆದುಕೊಂಡು ಹೋಗಿ ಚಹಾ ಕುಡಿಸಿ ಕೇಳು. ಅವಳ ಪರವಾಗಿ ನೀನೇ ತೀರ್ಮಾನ ಮಾಡಬೇಡ. ಕೆಲವರಿಗೆ ದೂರು ಬೇಕು, ಕೆಲವರಿಗೆ ರೂಮು ಬದಲಾದರೆ ಸಾಕು, ಕೆಲವರಿಗೆ ಒಬ್ಬ ಗೆಳತಿ ಜೊತೆಗಿದ್ದರೆ ಸಾಕು. ಅವಳು ದೂರು ಕೊಡುತ್ತೇನೆ ಅಂದರೆ ದಾರಿ ಇದೆ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ 2016ರಲ್ಲಿ ರ‍್ಯಾಗಿಂಗ್ ತಡೆ ನಿಯಮಕ್ಕೆ ತಿದ್ದುಪಡಿ ತಂದಿದೆ. ಬಣ್ಣ, ಜನಾಂಗ, ಧರ್ಮ, ಜಾತಿ, ಹುಟ್ಟಿದ ಪ್ರದೇಶ, ಭಾಷೆ ಹಿಡಿದು ಹಿಂಸೆ ಕೊಡುವುದು, ಹೊರಗಿಡುವುದು ಕೂಡ ಈಗ ರ‍್ಯಾಗಿಂಗ್. ಸಹಾಯವಾಣಿ 1800-180-5522, ಹಗಲು ರಾತ್ರಿ ಇರುತ್ತದೆ. ವಾರ್ಡನ್‌ಗೆ ಬರೆದು ಕೊಡಿ, ಬಾಯಲ್ಲಿ ಹೇಳಿ ಬಿಡಬೇಡಿ. ತಾರೀಖು, ಅಂದ ಮಾತು, ಇದ್ದವರು ಯಾರು, ಎಲ್ಲ ಬರೆಯಿರಿ. ಮುಂದಿನ ಸಲ ಊಟದಲ್ಲಿ ಆ ಮಾತು ಬಂದರೆ ನೀನು ನಗಬೇಡ. ‘ಇದರಲ್ಲಿ ನಗೋದು ಏನಿದೆ, ಹೇಳು’ ಅಂತ ಕೇಳಿ ಉತ್ತರಕ್ಕೆ ಕಾಯಿ.

ಸೇಡಂ ಕಡೆಯ ನಿವೃತ್ತ ಮೇಷ್ಟ್ರು ನಾನು. ನಿಮ್ಮ ವಯಸ್ಸಿನವರಿಗೆ ಎಲ್ಲದರಲ್ಲೂ ತಪ್ಪೇ ಕಾಣುತ್ತದೆ. ನಮ್ಮ ಕಾಲದ ಸಿನಿಮಾ ನೋಡಬಾರದೇ?

ನೋಡಿ ಸರ್. ನಾನೂ ನಮ್ಮಪ್ಪನ ಜೊತೆ ಕೂತು ನೋಡುತ್ತೇನೆ. ಹಾಡು ಬಂದರೆ ಇಬ್ಬರೂ ಹಾಡುತ್ತೇವೆ. ಕಪ್ಪು ಹುಡುಗಿಯನ್ನು ಯಾರೂ ಮದುವೆಯಾಗುವುದಿಲ್ಲ ಅನ್ನುವ ಕಾಮಿಡಿ ಬಂದಾಗ ಮಾತ್ರ ಪಕ್ಕದಲ್ಲಿ ಕೂತ ಅಕ್ಕನ ಮಗಳು ನನ್ನ ಮುಖ ನೋಡುತ್ತಾಳೆ. ಅವಳಿಗೆ ಒಂಬತ್ತು ವರ್ಷ. ಆಗ ನಾನು ‘ಇದು ಸುಳ್ಳು’ ಅಂತ ಬಾಯಿಬಿಟ್ಟು ಹೇಳುತ್ತೇನೆ. ನಿಮ್ಮ ಮೊಮ್ಮಕ್ಕಳ ಹತ್ತಿರ ನೀವು ಹೇಳಿದರೆ ನನ್ನ ಮಾತಿಗಿಂತ ಅದಕ್ಕೆ ತೂಕ ಜಾಸ್ತಿ ಸರ್.

ತಂಗಿಯ ಮದುವೆ ಹತ್ತಿರ ಬಂದಿದೆ. ಆಲ್ಬಮ್‌ನಲ್ಲಿ ಅವಳನ್ನು ಸ್ವಲ್ಪ ಬೆಳ್ಳಗೆ ಮಾಡಿ ಅಂತ ಕೇಳಿದೆ. ಸ್ಟುಡಿಯೋದವರು ಆಗಲ್ಲ ಅಂದರು. ದುಡ್ಡು ಕೊಡುವವರು ನಾವು. ಇದರಲ್ಲಿ ತಪ್ಪೇನಿದೆ? (ಕಲಬುರಗಿ)

ಅಣ್ಣಾ, ಈ ಮಾತು ನನಗೆ ದಿನಾ ಕೇಳಿಸುತ್ತದೆ. ಪೆನ್‌ಡ್ರೈವ್ ಕೊಡುವಾಗಲೇ ‘ಹುಡುಗಿ ಸ್ವಲ್ಪ ಬೆಳ್ಳಗೆ ಬರ್ಲಿ’ ಅಂತಾರೆ. ಹುಡುಗ ಬೆಳ್ಳಗೆ ಬರಲಿ ಅಂದವರು ಕಡಿಮೆ.

ನನ್ನ ಕೆಲಸದ ಲೆಕ್ಕದಲ್ಲಿ ಹೇಳುತ್ತೇನೆ. ಮುಖ ಬೆಳ್ಳಗೆ ಮಾಡಿದರೆ ಮುಖವೇ ಹಾಳಾಗುತ್ತದೆ. ಕೆನ್ನೆಯ ಅರಿಶಿಣ ಮಾಯ. ಮೂಗಿನ ಗೆರೆ ಮಾಯ. ಕೈಯೇ ಬೇರೆ ಬಣ್ಣ, ಮುಖವೇ ಬೇರೆ ಬಣ್ಣ. ಪಕ್ಕದಲ್ಲಿ ನಿಂತ ತಾಯಿಗೂ ಮಗಳಿಗೂ ಹೋಲಿಕೆಯೇ ಉಳಿಯುವುದಿಲ್ಲ. ನಿಮ್ಮ ತಂಗಿ ಇಪ್ಪತ್ತು ವರ್ಷ ಆದಮೇಲೆ ಆಲ್ಬಮ್ ತೆರೆದರೆ ಅದರಲ್ಲಿ ಅವಳೇ ಇರುವುದಿಲ್ಲ.

ಕಪ್ಪು ಮೈಬಣ್ಣ ಫೋಟೋದಲ್ಲಿ ಚೆನ್ನಾಗಿ ಬರಲ್ಲ ಅನ್ನುವ ನಂಬಿಕೆಗೂ ಒಂದು ಕಾರಣ ಇದೆ. ಅದು ಚರ್ಮದ ತಪ್ಪಲ್ಲ. ಫಿಲ್ಮ್ ರೀಲಿನ ಕಾಲದಲ್ಲಿ ಕೊಡಕ್ ಕಂಪನಿ ಲ್ಯಾಬುಗಳಿಗೆ ‘ಶರ್ಲಿ ಕಾರ್ಡ್’ ಅಂತ ಒಂದು ಮಾದರಿ ಫೋಟೋ ಕಳಿಸುತ್ತಿತ್ತು. ಅದರಲ್ಲಿ ಇದ್ದವಳು ಬಿಳಿಯ ಹೆಣ್ಣುಮಗಳು. ಅವಳ ಬಣ್ಣ ಸರಿ ಬಂದರೆ ಪ್ರಿಂಟ್ ಸರಿ ಅಂತ ಲೆಕ್ಕ. ಕಪ್ಪು ಮುಖದಲ್ಲಿ ಕಣ್ಣು, ಹಲ್ಲು ಬಿಟ್ಟರೆ ಬೇರೇನೂ ಕಾಣದಿದ್ದರೂ ವರ್ಷಗಟ್ಟಲೆ ಯಾರೂ ಕೇಳಲಿಲ್ಲ. ಚಾಕೊಲೇಟ್ ಮತ್ತು ಮರದ ಸಾಮಾನು ಮಾಡುವ ಕಂಪನಿಗಳು ನಮ್ಮ ಮಾಲಿನ ಕಂದುಬಣ್ಣ ಸರಿಯಾಗಿ ಬರುತ್ತಿಲ್ಲ ಅಂತ ತಕರಾರು ಮಾಡಿದ ಮೇಲೆ ಫಿಲ್ಮ್ ಸುಧಾರಿಸಿತು. ಮನುಷ್ಯರು ಹೇಳಿದ್ದಕ್ಕಲ್ಲ, ಮೇಜು ಕುರ್ಚಿಗೋಸ್ಕರ! ಇದನ್ನು ಮೊದಲ ಸಲ ಓದಿದಾಗ ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಈಗಿನ ಕ್ಯಾಮೆರಾದಲ್ಲಿ ಆ ತೊಂದರೆ ಕಡಿಮೆ. ನೀವು ಸ್ಟುಡಿಯೋದವರಿಗೆ ಹೀಗೆ ಹೇಳಿ: ಎದುರಿನಿಂದ ಫ್ಲ್ಯಾಶ್ ಹೊಡೆಯಬೇಡಿ, ಬೆಳಕು ಪಕ್ಕದಿಂದ ಬರಲಿ, ಬೆಳಕಿನ ಅಳತೆಯನ್ನು ಹಿಂದಿನ ಬಿಳಿ ಪರದೆ ನೋಡಿ ಮಾಡದೆ ಮುಖ ನೋಡಿ ಮಾಡಿ. ಮುಖದ ಮೇಲಿನ ಮೇಕಪ್ಪೂ ಕುತ್ತಿಗೆಯ ಬಣ್ಣಕ್ಕೆ ಹೊಂದಲಿ. ಅವಳು ಎಷ್ಟು ಚೆಂದ ಬರುತ್ತಾಳೆ ನೋಡಿ.

ಮದುವೆಗೆ ಮೊದಲು ಅವಳಿಗೆ ಕ್ರೀಮು ತಂದುಕೊಡುವ ಯೋಚನೆ ಮನೆಯಲ್ಲಿ ಇದ್ದರೆ ಅದನ್ನೂ ತಡೆಯಿರಿ. ‘ಫೇರ್ ಅಂಡ್ ಲವ್ಲಿ’ 1975ರಲ್ಲಿ ಬಂದದ್ದು. 2020ರಲ್ಲಿ ಅದರ ಹೆಸರಿನಿಂದ ‘ಫೇರ್’ ತೆಗೆದರು. ಜಾಹೀರಾತಿನಲ್ಲಿ ಕಪ್ಪಗಿರುವವರಿಗೆ ಗಂಡು ಸಿಗಲ್ಲ, ಕೆಲಸ ಸಿಗಲ್ಲ ಅಂತ ತೋರಿಸಬಾರದು ಅಂತ ಜಾಹೀರಾತು ಮಂಡಳಿ 2014ರಲ್ಲೇ ಹೇಳಿದೆ. ಇದಕ್ಕಿಂತ ನನಗೆ ಹೆದರಿಕೆ ಇರುವುದು ಮೆಡಿಕಲ್ ಅಂಗಡಿಯ ಸ್ಟೆರಾಯ್ಡ್ ಟ್ಯೂಬುಗಳ ಬಗ್ಗೆ. ಹಚ್ಚಿದ ಮೊದಮೊದಲು ಮುಖ ತಿಳಿಯಾದಂತೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗುತ್ತದೆ, ಕೆಂಪಾಗುತ್ತದೆ, ಮೊಡವೆ ಏಳುತ್ತದೆ, ಮುಖದ ಮೇಲೆ ಕೂದಲು ಬರುತ್ತದೆ. ಬಿಟ್ಟರೆ ಇನ್ನೂ ಜಾಸ್ತಿ. ಅಂಥ ಹಲವು ಕ್ರೀಮುಗಳನ್ನು 2018ರಿಂದ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಅಂಗಡಿಯವನು ಕೊಟ್ಟರೂ ತಗೋಬೇಡಿ. ನಮ್ಮ ಕಲಬುರಗಿಯ ಬಿಸಿಲಿನಿಂದ ನಮ್ಮನ್ನು ಕಾಯುವುದೇ ಚರ್ಮದ ಆ ಬಣ್ಣ ಅಣ್ಣಾ.

ಕಾಲೇಜು ಗ್ಯಾದರಿಂಗ್‌ಗೆ ಸ್ಕಿಟ್ ಮಾಡುತ್ತಿದ್ದೇವೆ. ಒಬ್ಬ ಪೆದ್ದ ಸರ್ದಾರ್, ಇನ್ನೊಬ್ಬ ಮುಖಕ್ಕೆ ಕಪ್ಪು ಬಳಿದುಕೊಂಡ ಆಫ್ರಿಕಾದವ. ಒಬ್ಬ ಮೇಡಂ ಬೇಡ ಅಂತಿದ್ದಾರೆ. ನೀವೇನಂತೀರಿ? (ಬೀದರ್)

ಮೇಡಂ ಮಾತು ಕೇಳು ತಮ್ಮಾ.

ನಿಮ್ಮ ಊರಿನಲ್ಲಿ ನಾನಕ್ ಝರಾ ಗುರುದ್ವಾರ ಇದೆ. 1699ರಲ್ಲಿ ಗುರು ಗೋಬಿಂದ್ ಸಿಂಗ್ ಕರೆದಾಗ ತಲೆ ಕೊಡಲು ಎದ್ದು ನಿಂತ ಐವರಲ್ಲಿ ಭಾಯಿ ಸಾಹಿಬ್ ಸಿಂಗ್ ಬೀದರಿನವರು ಅಂತ ಸಿಖ್ಖರು ನಂಬುತ್ತಾರೆ. ಇದೇ ಊರಿನಲ್ಲಿ 1988ರಲ್ಲಿ ಸಿಖ್ ವಿದ್ಯಾರ್ಥಿಗಳ ಮೇಲೆ ದಾಳಿ ನಡೆದು ಹುಡುಗರ ಜೀವ ಹೋಗಿದೆ. ನಿಮ್ಮಂತೆ ಓದಲು ಬಂದ ಹುಡುಗರು. ಬೇರೆ ಊರಿನವರಿಗೆ ಗೊತ್ತಿಲ್ಲದಿದ್ದರೆ ಇರಲಿ, ಬೀದರಿನ ವೇದಿಕೆ ಮೇಲೆ ಪಗಡಿ ತಮಾಷೆಯ ವಸ್ತು ಆಗಬಾರದು.

ಕಪ್ಪು ಬಳಿದುಕೊಳ್ಳುವುದಂತೂ ಬೇಡವೇ ಬೇಡ. ನಿಮ್ಮ ಊರಿನ ಪೂರ್ವಕ್ಕೆ ಹಬ್ಶಿ ಕೋಟ್ ಗುಡ್ಡ ಇದೆಯಲ್ಲ, ಅಲ್ಲಿರುವ ಗೋರಿಗಳು ಆಫ್ರಿಕಾದಿಂದ ಬಂದು ಬಹಮನಿ ಆಸ್ಥಾನದಲ್ಲಿ ದೊಡ್ಡ ಅಧಿಕಾರ ನಡೆಸಿದವರವು. ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ದಖ್ಖನ್‌ಗೆ ಬಂದ ಮಲಿಕ್ ಅಂಬರ್ 1626ರಲ್ಲಿ ಸಾಯುವವರೆಗೂ ಮೊಘಲರನ್ನು ಕಾಡಿದ. ನಮ್ಮದೇ ಉತ್ತರ ಕನ್ನಡದ ಸಿದ್ದಿಯರು ಕನ್ನಡವನ್ನೂ ಮಾತಾಡುತ್ತಾರೆ, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಬಂದರು. ಇವರೆಲ್ಲ ನಮ್ಮ ಪಾಠದಲ್ಲಿ, ಸಿನಿಮಾದಲ್ಲಿ ಸರಿಯಾಗಿ ಬಂದಿದ್ದರೆ ಆಫ್ರಿಕಾದವ ಅಂದ ಕೂಡಲೇ ಒಂದು ಡಬ್ಬಿ ಕಪ್ಪು ಬಣ್ಣ ನೆನಪಾಗುತ್ತಿರಲಿಲ್ಲ. 2016ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನವನೊಬ್ಬನ ಕಾರು ಹರಿದು ಹೆಂಗಸೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಎಳೆದು ಹೊಡೆಯಿತು. ಅವಳಿಗೂ ಆ ಕಾರಿಗೂ ಸಂಬಂಧವೇ ಇರಲಿಲ್ಲ. ಅವರೆಲ್ಲ ಒಂದೇ ಅಂತ ಆ ಗುಂಪಿಗೆ ಅನ್ನಿಸಿತ್ತು, ಅಷ್ಟೇ.

ಸ್ಕಿಟ್ ಬಿಡಬೇಡಿ, ವಿಷಯ ಬದಲಿಸಿ. ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋದ ಬೀದರಿನ ಹುಡುಗ, ಅವನ ಮಾತಿಗೆ ನಗುವ ಆಫೀಸು, ರಾತ್ರಿ ಬಸ್ಸಿನಲ್ಲಿ ಪಕ್ಕ ಕೂತ ಹೊರನಾಡಿನ ಒಬ್ಬ ಪ್ರಯಾಣಿಕ, ಇಷ್ಟಿದ್ದರೆ ಹದಿನೈದು ನಿಮಿಷಕ್ಕೆ ಸಾಕು. ಬರೆದಾದ ಮೇಲೆ ಪತ್ರಿಕೆಯ ವಿಳಾಸಕ್ಕೆ ಕಳಿಸು, ಓದಿ ಅನ್ನಿಸಿದ್ದು ಬರೆಯುತ್ತೇನೆ.