ಕ್ಲಬ್ಬಿನ ನೋಂದಣಿ ಪತ್ರ ಜೂಜಿಗೆ ರಹದಾರಿಯೇ?

ಪ್ರಶ್ನೆ: ನಮ್ಮ ಬೀದಿಯ ರಿಕ್ರಿಯೇಷನ್ ಕ್ಲಬ್ಬಿನಲ್ಲಿ ರಾತ್ರಿಯಿಡೀ ಇಸ್ಪೀಟ್. ಕೇಳಿದರೆ ಸಂಘದ ನೋಂದಣಿ ಪತ್ರ ತೋರಿಸುತ್ತಾರೆ. ಪಕ್ಕದಲ್ಲೇ ಇನ್ನೊಂದು ಶುರುವಾಗುತ್ತಿದೆ. ತಡೆಯುವುದು ಹೇಗೆ?
— ಓದುಗರು, ದಾವಣಗೆರೆ

ಉತ್ತರ: 1960ರ ಸಂಘಗಳ ನೋಂದಣಿ ಕಾಯ್ದೆಯ ಆ ಪತ್ರವನ್ನು ಎಷ್ಟು ದೊಡ್ಡ ಫ್ರೇಮ್ ಹಾಕಿಸಿ ತೂಗುಹಾಕಿದರೂ ಅದು ಜೂಜಿಗೆ ಪರವಾನಗಿಯಲ್ಲ. ರಮ್ಮಿ ಬಹುಪಾಲು ಕೌಶಲದ ಆಟವೆಂದು 1967ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಆದರೆ ಪಣದ ಹಣದಲ್ಲಿ ಕ್ಲಬ್ ಪಾಲು ಮುರಿದುಕೊಂಡರೆ ಮಾತೇ ಬೇರೆ. ಬರೀ ಅದೃಷ್ಟದ ಆಟವಾದ ಅಂದರ್ ಬಾಹರ್‌ಗಂತೂ ಆ ರಕ್ಷಣೆಯೇ ಇಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 79ನೇ ಕಲಂ ಅಡ್ಡೆ ನಡೆಸುವವರಿಗೆ, 80ನೆಯದು ಆಡುವವರಿಗೆ.

ದೂರಿನಲ್ಲಿ ಬರೀ ‘ಗಲಾಟೆ’ ಎಂದು ಬರೆದರೆ ಪೊಲೀಸರು ಗದರಿಸಿ ಹೋಗುತ್ತಾರೆ, ಅಷ್ಟೇ. ಯಾವ ಆಟ, ಎಷ್ಟು ಹೊತ್ತಿನವರೆಗೆ, ಟೇಬಲ್ ಹಣ ಯಾರ ಕೈಗೆ ಎಂದು ಬಿಡಿಸಿ ಬರೆದು ಎಸ್‌ಪಿ ಕಚೇರಿಗೆ ಕೊಡಿ. ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.