ಅನ್ನನಾಳದ ಕ್ಯಾನ್ಸರ್: ಮೂತ್ರದಲ್ಲಿ 8-ಓಎಚ್‌ಡಿಜಿ ಜಾಸ್ತಿ ಬಂದರೆ ಆಯಸ್ಸು ಕಡಿಮೆ ಅಂತಲೇ?

ತಂದೆಯವರ ಮೂತ್ರದ ರಿಪೋರ್ಟಿನಲ್ಲಿ ಡಿಎನ್‌ಎ ಹಾನಿಯನ್ನು ಸೂಚಿಸುವ 8-ಓಎಚ್‌ಡಿಜಿ ಜಾಸ್ತಿ ಬಂದಿದೆ, ಇಳಿಸೋದು ಹೇಗೆ ಅಂತಲೂ ಕೇಳಿದ್ದೀರಿ. ಇಳಿಸಲು ಹೋಗಬೇಡಿ. ಬದಿಯಡ್ಕದಿಂದ ಮಂಗಳೂರಿಗೆ ಅಪ್ಪನನ್ನು ಕರೆದುಕೊಂಡು ಓಡಾಡುವಾಗ ನಾನೂ ಇದೇ ಹಟ ಹಿಡಿದಿದ್ದೆ.

ಅಪ್ಪ ಅಡಿಕೆ ಕೃಷಿಕರು. ಬಾಯಲ್ಲಿ ಯಾವಾಗಲೂ ಎಲೆ, ಅಡಿಕೆ, ಹೊಗೆಸೊಪ್ಪು. ಕುಚ್ಚಲಕ್ಕಿ ಗಂಜಿಯೂ ಇಳಿಯದಾದಾಗ ಎಂಡೋಸ್ಕೋಪಿ ಮಾಡಿಸಿದೆವು. ಅನ್ನನಾಳದ ಒಳಪದರದ ಕೋಶಗಳಲ್ಲಿ ಹುಟ್ಟುವ ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಅಂತ ಗೊತ್ತಾಯ್ತು. ಯಾರೋ ಹೇಳಿದರು ಅಂತ ಈ ಟೆಸ್ಟೂ ಆಯ್ತು. ಮಟ್ಟ ಮೇಲಿತ್ತು. ಅದನ್ನು ಇಳಿಸಲು ವಿಟಮಿನ್ ಸಿ, ವಿಟಮಿನ್ ಇ ಮಾತ್ರೆ ತಂದುಕೊಟ್ಟೆ, ಡಾಕ್ಟರಿಗೆ ಹೇಳಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಅಪ್ಪನ ಬಟ್ಟೆ ಸಡಿಲವಾಗುತ್ತಿತ್ತು, ನಾನು ರಿಪೋರ್ಟ್ ನೋಡುತ್ತಿದ್ದೆ. ಹೊಟ್ಟೆಗೆ ಟ್ಯೂಬ್ ಹಾಕಿ ಆಹಾರ ಕೊಡೋಣ ಅಂತ ಡಾಕ್ಟರು ಹೇಳಿದರು. ಮುಂದಿನ ರಿಪೋರ್ಟ್ ಬರಲಿ ಅಂದೆ. ಟ್ಯೂಬಿಗೂ ಆ ರಿಪೋರ್ಟಿಗೂ ಸಂಬಂಧವೇ ಇರಲಿಲ್ಲ. ಕೀಮೋ ಶುರುವಾಗುವ ಹೊತ್ತಿಗೆ ಅಪ್ಪನಲ್ಲಿ ತ್ರಾಣವೇ ಉಳಿದಿರಲಿಲ್ಲ. ಅರ್ಧದಲ್ಲಿ ನಿಲ್ಲಿಸಬೇಕಾಯ್ತು. ಆಪರೇಷನ್ ಆಗಲೇ ಇಲ್ಲ.

ಡಿಎನ್‌ಎಯಲ್ಲಿರುವ ಗ್ವಾನಿನ್ ಎಂಬ ಅಂಶಕ್ಕೆ ಆಕ್ಸಿಡೇಷನ್‌ನಿಂದ (ಆಮ್ಲಜನಕದ ಚುರುಕಾದ ಕಣಗಳಿಂದ) ಪೆಟ್ಟಾದರೆ ಉಂಟಾಗುವ ವಸ್ತುವೇ 8-ಓಎಚ್‌ಡಿಜಿ. ಕೊನೆಗೆ ಮೂತ್ರದಲ್ಲಿ ಹೊರಬರುತ್ತದೆ. ಬೀಡಿ ಸೇದಿದರೂ ಏರುತ್ತದೆ, ಸಕ್ಕರೆ ಕಾಯಿಲೆಯಿದ್ದರೂ ಏರುತ್ತದೆ. ಅದು ಇಡೀ ಮೈಯ ಲೆಕ್ಕ, ಗೆಡ್ಡೆಯೊಂದರದ್ದಲ್ಲ. ಟೆಸ್ಟಿನ ವಿಧಾನ ಬದಲಾದರೆ ಮಟ್ಟವೂ ಬದಲಾಗುತ್ತದೆ. ಇದಕ್ಕೂ ಆಯಸ್ಸಿಗೂ ಇರುವ ನಂಟನ್ನು ಸಂಶೋಧಕರು ಹುಡುಕುತ್ತಿದ್ದಾರೆ, ಸರಿ. ಆದರೆ ನಿಮ್ಮ ತಂದೆಯವರ ಚಿಕಿತ್ಸೆ ನಿಂತಿರೋದು ಗೆಡ್ಡೆ ಎಷ್ಟು ಆಳಕ್ಕೆ ಇಳಿದಿದೆ, ದುಗ್ಧಗ್ರಂಥಿಗೆ ಹರಡಿದೆಯಾ, ದೇಹಕ್ಕೆ ತಾಳುವ ಶಕ್ತಿ ಇದೆಯಾ ಅನ್ನೋದರ ಮೇಲೆ.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯ್ತು. ರೇಡಿಯೇಷನ್ ಗೆಡ್ಡೆಯನ್ನು ಕೊಲ್ಲುವುದೇ ಬಹುಪಾಲು ಇಂಥ ಆಕ್ಸಿಡೇಷನ್ ಹಾನಿಯಿಂದ. ಆಗ ಆ ಹಾನಿಯನ್ನು ತಡೆಯುವ, ವಿಟಮಿನ್ ಸಿ, ಇಯಂಥ ಆಂಟಿಆಕ್ಸಿಡೆಂಟ್ ಮಾತ್ರೆ ಸುರಿದರೆ ಗೆಡ್ಡೆಗೇ ರಕ್ಷಣೆ ಸಿಗಬಹುದು. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಡಾಕ್ಟರಿಗೆ ತೋರಿಸಿ.

2012ರಲ್ಲಿ ಬಂದ ನೆದರ್ಲೆಂಡ್ಸ್‌ನ ಕ್ರಾಸ್ ಎಂಬ ಅಧ್ಯಯನದಲ್ಲಿ, ಆಪರೇಷನ್‌ಗೆ ಮೊದಲು ಕೀಮೋ, ರೇಡಿಯೇಷನ್ ಎರಡೂ ಕೊಟ್ಟವರಲ್ಲಿ ಅರ್ಧದಷ್ಟು ಜನ 49 ತಿಂಗಳು ದಾಟಿದರು. ಬರೀ ಆಪರೇಷನ್ ಆದವರಲ್ಲಿ ಅದು 24 ತಿಂಗಳು. ಆಪರೇಷನ್ ಮಾಡಬಹುದಾದ ಹಂತದಲ್ಲಿದ್ದವರ ಮಾತು ಇದು. ಅಷ್ಟೆಲ್ಲ ತಾಳಿಕೊಳ್ಳಲು ಹೊಟ್ಟೆಗೆ ಆಹಾರ ಹೋಗಲೇಬೇಕು.

ಮತ್ತೆ ಆ ಟೆಸ್ಟ್ ಮಾಡಿಸಬೇಡಿ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ಎಲೆ ಅಡಿಕೆ ಇವತ್ತೇ ಬಿಡಿಸಿ. ಮುಂದಿನ ಸಲ ಹೋದಾಗ, ಡಾಕ್ಟರೇ, ಟ್ಯೂಬ್ ಈಗಲೇ ಹಾಕಬೇಕಾ ಅಂತ ನೀವಾಗಿಯೇ ಕೇಳಿ.